ಹೂಡುವುದು, ಒಡ್ಡುವುದು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದು ನಾವು ಒಂದು ಕ್ರಿಯಾಪದವನ್ನು ಕುರಿತು ಮಾತನಾಡಬೇಕೆಂದಿದ್ದೇವೆ. ಪ್ರವಚನವೆಂದರೆ ದೊಡ್ಡ ದೊಡ್ಡ ತತ್ತ್ವಗಳನ್ನು ಹೇಳಬೇಕು, ಒಂದು ಸಣ್ಣ ಮಾತನ್ನು ಹಿಡಿದುಕೊಂಡು ಏನು ಹೇಳುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಆದರೆ ಮನುಷ್ಯನು ಕೆಡುವುದೂ ಉಳಿಯುವುದೂ ಅನೇಕ ವೇಳೆ ಮಾತಿನಿಂದಲೇ. ತಾನು ಮಾಡುತ್ತಿರುವ ಕೆಲಸಕ್ಕೆ ಸರಿಯಾದ ಹೆಸರನ್ನು ಇಟ್ಟುಕೊಂಡವನು ಎಡವಿದರೂ ಏಳುತ್ತಾನೆ. ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಟ್ಟುಕೊಂಡವನಿಗೆ ತಾನು ಬಿದ್ದದ್ದೇ ತಿಳಿಯುವುದಿಲ್ಲ.

ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ನಮಸ್ಕಾರ ಮಾಡಿ, "ಅಪ್ಪಾವ್ರ, ಹೊಸದಾಗಿ ಒಂದು ಕಡೆ ರೊಕ್ಕಾ ಹಾಕೀವ್ರಿ, ಆಶೀರ್ವಾದ ಮಾಡ್ರಿ" ಎನ್ನುತ್ತಾರೆ. ನಾವು ವಿಭೂತಿ ಕೊಟ್ಟು ಹರಸುತ್ತೇವೆ. ಆದರೆ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈತನು ರೊಕ್ಕವನ್ನು ಹೂಡಿದ್ದಾನೆಯೋ, ಒಡ್ಡಿದ್ದಾನೆಯೋ? 'ಹಾಕುವುದು' ಎಂಬ ಮಾತಿಗೆ ಬಣ್ಣವಿಲ್ಲ. ಬಾವಿಗೂ ಹಾಕಬಹುದು, ಹೊಲಕ್ಕೂ ಹಾಕಬಹುದು. ಹೂಡುವುದು ಮತ್ತು ಒಡ್ಡುವುದು ಎಂಬ ಎರಡು ಮಾತುಗಳಿಗೆ ಮಾತ್ರ ಬೇರೆ ಬೇರೆ ಗುಣವಿದೆ, ಬೇರೆ ಬೇರೆ ಗತಿಯಿದೆ. ಅದನ್ನು ಇಂದು ವಿಚಾರ ಮಾಡೋಣ.

ಮೊದಲು 'ಹೂಡು' ಎಂಬುದನ್ನು ತೆಗೆದುಕೊಳ್ಳೋಣ. ಇದು ಒಕ್ಕಲಿಗನ ಮನೆಯ ಮಾತು. ಎತ್ತುಗಳನ್ನು ನೊಗಕ್ಕೆ ಕಟ್ಟುವುದಕ್ಕೆ ಹೂಡುವುದು ಎನ್ನುತ್ತೇವೆ. ಬಂಡಿ ಹೂಡುತ್ತೇವೆ, ನೇಗಿಲು ಹೂಡುತ್ತೇವೆ. ಮೂರು ಕಲ್ಲನ್ನಿಟ್ಟು ಒಲೆ ಹೂಡುತ್ತೇವೆ. ಊರು ಬಿಟ್ಟು ಹೋದಲ್ಲಿ ಬಿಡಾರ ಹೂಡುತ್ತೇವೆ. ವೀರನು ಬಿಲ್ಲಿಗೆ ಬಾಣವನ್ನು ಹೂಡುತ್ತಾನೆ. ನ್ಯಾಯ ಬೇಡುವವನು ದಾವೆ ಹೂಡುತ್ತಾನೆ. ವ್ಯಾಪಾರಿಯು ಬಂಡವಾಳ ಹೂಡುತ್ತಾನೆ. ದುಷ್ಟನು ಸಂಚನ್ನೂ ಹೂಡುತ್ತಾನೆ, ಅದೂ ನಿಜ. ಇವೆಲ್ಲಕ್ಕೂ ಸಮಾನವಾದ ಒಂದು ಅರ್ಥವಿದೆ. ಎರಡು ವಸ್ತುಗಳನ್ನು ಒಂದಕ್ಕೊಂದು ಸೇರಿಸಿ, ಒಂದು ಕೆಲಸಕ್ಕೆ ಅಣಿಗೊಳಿಸಿ, ಆ ಕೆಲಸವನ್ನು ಪ್ರಾರಂಭಿಸುವುದೇ ಹೂಡುವುದು. ಎತ್ತನ್ನು ಕಟ್ಟಿ ನಿಲ್ಲಿಸಿದರೆ ಅದು ಗೋದಲಿಗೆ ಕಟ್ಟಿದಂತೆ. ಹೂಡಿದ ಮೇಲೆ ಸಾಲು ಹೊರಡಲೇಬೇಕು.

ಹಳಗನ್ನಡದಲ್ಲಿ ಈ ಮಾತಿನ ರೂಪ 'ಪೂಡು'. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೂಡು ಹೂಡಾಯಿತು. ಇದರ ಒಡಹುಟ್ಟು 'ಪೂಣ್' ಎಂಬ ಧಾತು. ಪೂಣ್ ಎಂದರೆ ಕೈಕೊಳ್ಳುವುದು, ಮಾತು ಕೊಡುವುದು, ಪ್ರತಿಜ್ಞೆ ಮಾಡುವುದು. ಆದುದರಿಂದಲೇ ಹಳೆಯ ಕಾವ್ಯಗಳಲ್ಲಿ ಪ್ರತಿಜ್ಞೆಗೆ 'ಪೂಣ್ಕೆ' ಎಂಬ ಹೆಸರುಂಟು. ತಮಿಳಿನಲ್ಲಿಯೂ ಇದೇ ಬಳಗದ ಮಾತುಗಳು ನೊಗಕ್ಕೆ ಹೂಡುವುದನ್ನೂ ಹೊಣೆ ಹೊರುವುದನ್ನೂ ಹೇಳುತ್ತವೆ. ನಮ್ಮ ಹಿರಿಯರ ಬಾಯಲ್ಲಿ ನೊಗವೂ ಪ್ರತಿಜ್ಞೆಯೂ ಒಂದೇ ಬೇರಿನಿಂದ ಬಂದವು ಎಂಬುದನ್ನು ನೀವು ಗಮನಿಸಬೇಕು. ಎತ್ತಿನ ಕೊರಳಿಗೆ ನೊಗ ಬಿದ್ದಂತೆ ಮನುಷ್ಯನ ಕೊರಳಿಗೆ ಅವನು ಕೊಟ್ಟ ಮಾತು ಬೀಳುತ್ತದೆ. ಹಣವನ್ನು ಹೂಡಿದೆನೆಂದು ಹೇಳುವವನು, ತಿಳಿದೋ ತಿಳಿಯದೆಯೋ, ಒಂದು ಹೊಣೆಯನ್ನು ಹೊತ್ತೆನೆಂದೇ ಹೇಳುತ್ತಿದ್ದಾನೆ.

ಸಂಸ್ಕೃತದಲ್ಲಿಯೂ ಹೀಗೆಯೇ ಇದೆ. ಅಲ್ಲಿ 'ಯುಜ್' ಎಂಬ ಧಾತುವಿದೆ. ಕೂಡಿಸುವುದು, ನೊಗಕ್ಕೆ ಹೂಡುವುದು ಎಂದು ಅದರ ಅರ್ಥ. ನೊಗಕ್ಕೆ 'ಯುಗ' ಎಂಬ ಹೆಸರು ಬಂದದ್ದು ಅದರಿಂದ. ಯೋಗ, ಉದ್ಯೋಗ, ವಿನಿಯೋಗ, ಪ್ರಯೋಗ ಎಂಬ ಮಾತುಗಳೆಲ್ಲ ಅದರ ಮಕ್ಕಳು. ಅಮರಕೋಶದ ವೈಶ್ಯವರ್ಗದಲ್ಲಿ ಬಡ್ಡಿಗೆ ಹಣ ಕೊಟ್ಟು ಬೆಳೆಸುವ ವೃತ್ತಿಗೆ 'ಅರ್ಥಪ್ರಯೋಗ' ಎಂದು ಹೆಸರು ಹೇಳಿ, ಕುಸೀದ, ವೃದ್ಧಿಜೀವಿಕಾ ಎಂಬ ಪರ್ಯಾಯಗಳನ್ನು ಕೊಟ್ಟಿದೆ. ಅರ್ಥವನ್ನು, ಎಂದರೆ ಧನವನ್ನು, ಕೆಲಸಕ್ಕೆ ಹೂಡುವುದೇ ಅರ್ಥಪ್ರಯೋಗ. ಕನ್ನಡದ ರೈತನೂ ಸಂಸ್ಕೃತದ ಕೋಶಕಾರನೂ ಒಂದೇ ಉಪಮಾನವನ್ನು ಹಿಡಿದದ್ದು ಸಂತೋಷದ ಸಂಗತಿಯಲ್ಲವೇ?

ಇನ್ನು ಎರಡನೆಯ ಮಾತು, 'ಒಡ್ಡು'. ಒಡ್ಡುವುದೆಂದರೆ ಎದುರಿಗೆ ಹಿಡಿಯುವುದು, ಅಡ್ಡವಾಗಿ ಇಡುವುದು, ತೆರೆದು ತೋರುವುದು. ಭಿಕ್ಷುಕನು ಕೈಯೊಡ್ಡುತ್ತಾನೆ. ತಾಯಿ ಮಗನಿಗಾಗಿ ದೇವರ ಮುಂದೆ ಸೆರಗೊಡ್ಡುತ್ತಾಳೆ. ಬೇಡನು ಬಲೆಯೊಡ್ಡುತ್ತಾನೆ. ಬಾಣದ ಎದುರಿಗೆ ವೀರನು ಎದೆಯೊಡ್ಡುತ್ತಾನೆ. ಜೂಜುಗಾರನು ಪಣವನ್ನೊಡ್ಡುತ್ತಾನೆ. ಇವೆಲ್ಲಕ್ಕೂ ಸಮಾನವಾದ ಅರ್ಥವೇನು? ನನ್ನ ಕೈಯಲ್ಲಿಲ್ಲದ ಯಾವುದೋ ಒಂದು ಶಕ್ತಿಯ ಎದುರಿಗೆ ನನ್ನದನ್ನು ತಂದಿಟ್ಟು, ಏನಾಗುತ್ತದೆಯೋ ಎಂದು ಕಾಯುವುದು. ಹೂಡಿದವನು ಎತ್ತಿನ ಹಿಂದೆ ನಡೆಯಬೇಕಾಗುತ್ತದೆ. ಒಡ್ಡಿದವನಿಗೆ ನಡೆಯುವ ಕೆಲಸವಿಲ್ಲ, ನೋಡುತ್ತ ಕುಳಿತಿರುವುದಷ್ಟೇ ಅವನ ಪಾಲಿಗೆ ಉಳಿದದ್ದು. ಈ ಎರಡು ಮಾತುಗಳ ನಡುವಿನ ಅಂತರ ಇದೇ.

ಇವಲ್ಲದೆ ಇನ್ನೂ ಕೆಲವು ಸಮಾನಾರ್ಥಕ ಪದಗಳುಂಟು. ಹಣವನ್ನು ತೊಡಗಿಸುವುದು, ಪಂಥ ಕಟ್ಟುವುದು, ಬಾಜಿ ಕಟ್ಟುವುದು, ಒತ್ತೆಯಿಡುವುದು, ಅಡವಿಡುವುದು, ಮುಡಿಪಿಡುವುದು. ತೊಡಗಿಸುವುದು ಹೂಡುವುದರ ತಮ್ಮ. ಪಂಥ, ಬಾಜಿಗಳು ಒಡ್ಡುವುದರ ಬಳಗ. ಒತ್ತೆ, ಅಡವುಗಳು ನಡುವೆ ನಿಂತಿವೆ, ಅವು ಒಳ್ಳೆಯದಕ್ಕೂ ಆಗಬಹುದು, ಕೆಟ್ಟದ್ದಕ್ಕೂ ಆಗಬಹುದು. ಮುಡಿಪೆಂಬುದು ಇವೆಲ್ಲಕ್ಕಿಂತ ಮೇಲಿನದು, ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಇಲ್ಲಿ ಸ್ವಲ್ಪ ವ್ಯಾಕರಣದ ಮಾತು ಬರುತ್ತದೆ, ಬೇಸರಪಡದೆ ಕೇಳಬೇಕು. ಸಂಸ್ಕೃತದಲ್ಲಿ 'ಪಣ್' ಎಂದೊಂದು ಧಾತುವಿದೆ. ಅಂಗಡಿಗೆ ಆಪಣ, ಮಾರುಕಟ್ಟೆಗೆ ವಿಪಣಿ, ಮಾರುವ ಸರಕಿಗೆ ಪಣ್ಯ ಎಂಬ ಹೆಸರುಗಳು ಅದರಿಂದಲೇ ಆದವು. ಜೂಜಿನಲ್ಲಿ ಇಡುವ ಗಂಟಿಗೂ ಪಣವೆಂದೇ ಹೆಸರು. ಭಗವಾನ್ ಪಾಣಿನಿಯು ಒಂದು ಸೂತ್ರದಲ್ಲಿ 'ಪಣ್' ಮತ್ತು 'ವ್ಯವಹೃ' ಎಂಬ ಎರಡು ಧಾತುಗಳು ಸಮಾನಾರ್ಥಕವಾಗಿರುವಾಗ ಅವುಗಳ ಕರ್ಮಪದಕ್ಕೆ ಷಷ್ಠೀ ವಿಭಕ್ತಿ ಬರುತ್ತದೆಂದು ವಿಧಿಸಿದ್ದಾನೆ. ಯಾವ ಅರ್ಥದಲ್ಲಿ ಅವು ಸಮಾನ? ಕೊಡುಕೊಳ್ಳುವ ವ್ಯಾಪಾರದಲ್ಲಿ ಮತ್ತು ಜೂಜಿನಲ್ಲಿ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅದರ ಮುಂದಿನ ಸೂತ್ರದಲ್ಲಿಯೇ ದಾಳವಾಡುವ 'ದಿವ್' ಧಾತುವನ್ನೂ ಅದೇ ಅರ್ಥಕ್ಕೆ ಸೇರಿಸಿದ್ದಾನೆ. ಎಂದರೆ, ಪೇಟೆಯ ಗದ್ದುಗೆಯೂ ಜೂಜಿನ ಹಾಸೂ ಎಷ್ಟು ಹತ್ತಿರವೆಂಬುದು ಆ ಮಹರ್ಷಿಗೆ ತಿಳಿದಿತ್ತು. ನಾವು ದಿನವೂ ಬಳಸುವ 'ಹಣ' ಎಂಬ ಮಾತು ಈ 'ಪಣ'ದ ತದ್ಭವವೇ. ನಿಮ್ಮ ಕಿಸೆಯಲ್ಲಿರುವ ಹಣದ ಹೆಸರಿನಲ್ಲಿಯೇ ಪಣ ಅಡಗಿ ಕುಳಿತಿದೆ. ಎಚ್ಚರ ತಪ್ಪಿದರೆ ಹಣವು ತನ್ನ ಹಳೆಯ ಹುಟ್ಟಿಗೆ ಹೋಗುತ್ತದೆ.

ಜೂಜಿನ ಪಣಕ್ಕೆ ಅಮರಸಿಂಹನು 'ಗ್ಲಹ' ಎಂಬ ಇನ್ನೊಂದು ಹೆಸರನ್ನು ಕೊಟ್ಟಿದ್ದಾನೆ. ಹಿಡಿಯುವ, ಕಸಿದುಕೊಳ್ಳುವ 'ಗ್ರಹ್' ಧಾತುವೇ ಜೂಜಿನ ವಿಷಯದಲ್ಲಿ ಗ್ಲಹವಾಗುತ್ತದೆಂದು ವೈಯಾಕರಣರು ಹೇಳುತ್ತಾರೆ. ಇಟ್ಟವನು ಪಣವೆನ್ನುತ್ತಾನೆ, ಬಾಚಿಕೊಳ್ಳುವವನು ಗ್ಲಹವೆನ್ನುತ್ತಾನೆ. ಒಬ್ಬನ ಕೈಯಿಂದ ಕಸಿದದ್ದರ ಹೊರತು ಇನ್ನೊಬ್ಬನಿಗೆ ಅಲ್ಲಿ ಬೇರೆ ಲಾಭವಿಲ್ಲ. ಹೂಡಿದ ಹೊಲದಲ್ಲಿ ಹಾಗಲ್ಲ. ಅಲ್ಲಿ ಒಂದು ಕಾಳು ಹತ್ತಾದರೆ ಯಾರಿಂದಲೂ ಕಸಿದದ್ದಲ್ಲ. ಹಕ್ಕಿ ತಿಂದು, ಇರುವೆ ತಿಂದು, ಆಯಗಾರರಿಗೆ ಕೊಟ್ಟು, ಜಂಗಮರಿಗೆ ನೀಡಿ, ಇನ್ನೂ ಮನೆಗೆ ಬರುತ್ತದೆ.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳನ್ನು ಹೇಳುವ ಒಂದು ಸೂಕ್ತವಿದೆ. ಅಕ್ಷಸೂಕ್ತವೆಂದು ಅದರ ಪ್ರಸಿದ್ಧಿ. ಸಾವಿರಾರು ವರ್ಷಗಳ ಹಿಂದಿನ ಆ ಮನುಷ್ಯನ ಮಾತನ್ನು ಕೇಳಿದರೆ ನಮ್ಮ ಓಣಿಯವನೇ ಮಾತನಾಡಿದಂತಿದೆ. ಹೆಂಡತಿ ದೂರವಾದಳು, ಅತ್ತೆ ದ್ವೇಷಿಸುತ್ತಾಳೆ, ತಾಯಿ ಕೊರಗುತ್ತಾಳೆ. ಸಾಲಕ್ಕಂಜಿ ರಾತ್ರಿಯ ಹೊತ್ತು ಪರರ ಮನೆಗೆ ಹೋಗಬೇಕಾಗಿದೆ. ಹೆತ್ತವರೂ ಒಡಹುಟ್ಟಿದವರೂ ಇವನು ಯಾರೋ ತಮಗೆ ಗೊತ್ತಿಲ್ಲ, ಕಟ್ಟಿಕೊಂಡು ಹೋಗಿರಿ ಎನ್ನುತ್ತಾರೆ. ಇನ್ನು ಆಡಬಾರದೆಂದು ಅವನು ನಿಶ್ಚಯಿಸುತ್ತಾನೆ, ಹಾಸಿನ ಮೇಲೆ ದಾಳ ಬಿದ್ದ ಸದ್ದು ಕೇಳಿದೊಡನೆ ಮತ್ತೆ ಓಡುತ್ತಾನೆ. ಕೈಯಿಲ್ಲದ ದಾಳಗಳು ಕೈಯಿರುವವನನ್ನು ಗೆಲ್ಲುತ್ತವೆಂದು ಆ ಋಷಿಯು ಬೆರಗಾಗುತ್ತಾನೆ. ಇಷ್ಟೆಲ್ಲ ಹೇಳಿ ಕೊನೆಗೆ ಕೊಡುವ ಉಪದೇಶವೇನು? ಸವಿತೃದೇವನ ಅಪ್ಪಣೆಯೆಂದು ಅವನು ಸಾರುವುದು ಇಷ್ಟೇ: ದಾಳವನ್ನು ಬಿಟ್ಟು ಹೊಲವನ್ನು ಉಳು, ಅದರಿಂದ ಬಂದುದರಲ್ಲಿ ತೃಪ್ತನಾಗು, ನಿನ್ನ ಹಸುಗಳು ಅಲ್ಲಿವೆ, ನಿನ್ನ ಹೆಂಡತಿಯೂ ಅಲ್ಲಿಯೇ ಇದ್ದಾಳೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಡ್ಡುವುದನ್ನು ಬಿಡು, ಹೂಡುವುದನ್ನು ಹಿಡಿ.

ಮಹಾಭಾರತದ ಸಭಾಪರ್ವವನ್ನು ನೀವೆಲ್ಲ ಕೇಳಿದ್ದೀರಿ. ಆದರೆ ಅದರಲ್ಲಿ ಒಂದು ಸಣ್ಣ ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಜೂಜು ಪ್ರಾರಂಭವಾಗುವಾಗ ದುರ್ಯೋಧನನು ಒಂದು ಮಾತು ಹೇಳುತ್ತಾನೆ. ಪಣಕ್ಕೆ ಬೇಕಾದ ರತ್ನಧನಗಳನ್ನು ಕೊಡುವವನು ನಾನು, ನನ್ನ ಪರವಾಗಿ ದಾಳವೆಸೆಯುವವನು ಮಾವನಾದ ಶಕುನಿ ಎನ್ನುತ್ತಾನೆ. ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ನ್ಯಾಯವಾಗಿ ತೋರುವುದಿಲ್ಲವೆಂದು ಧರ್ಮರಾಯನು ಹೇಳುತ್ತಾನೆ, ಹೇಳಿಯೂ ಆಡುತ್ತಾನೆ. ನೋಡಿರಿ, ಶಕುನಿಗೆ ಆ ಆಟದಲ್ಲಿ ಕಳೆದುಕೊಳ್ಳುವುದು ಏನಿತ್ತು? ಸೋತರೆ ದುರ್ಯೋಧನನ ಭಂಡಾರ ಹೋಗುತ್ತಿತ್ತು, ಶಕುನಿಯ ಮನೆಯ ಒಂದು ಚೊಂಬೂ ಹೋಗುತ್ತಿರಲಿಲ್ಲ. ಯಾರ ಕೈಯಲ್ಲಿ ದಾಳವಿದೆಯೋ ಅವನದು ಏನೂ ಪಣದಲ್ಲಿಲ್ಲ. ಇಂದಿಗೂ ನಿಮ್ಮ ಬಾಗಿಲಿಗೆ ಬಂದು, ಇಲ್ಲಿ ಹಾಕಿರಿ, ಅಲ್ಲಿ ಹಾಕಿರಿ, ಇಷ್ಟು ತಿಂಗಳಿಗೆ ಇಮ್ಮಡಿಯಾಗುತ್ತದೆ ಎನ್ನುವವನನ್ನು ಮೊದಲು ಒಂದು ಪ್ರಶ್ನೆ ಕೇಳಿರಿ: "ತಮ್ಮಾ, ಇದರಾಗ ನಿಂದೆಷ್ಟೈತಿ?" ಅವನು ಉತ್ತರ ಹೇಳಲು ತಡವರಿಸಿದರೆ ನಿಮಗೆ ತಿಳಿಯಬೇಕಾದದ್ದು ತಿಳಿದಂತಾಯಿತು.

ಧರ್ಮರಾಯನು ಭಂಡಾರವನ್ನು ಒಡ್ಡಿದನು, ರಥವನ್ನು, ಆನೆಕುದುರೆಗಳನ್ನು ಒಡ್ಡಿದನು. ಆಮೇಲೆ ತಮ್ಮಂದಿರನ್ನು, ತನ್ನನ್ನು, ಕಡೆಗೆ ದ್ರೌಪದಿಯನ್ನು ಒಡ್ಡಿದನು. ಆಗ ಆ ಮಹಾತಾಯಿ ಕೇಳಿ ಕಳುಹಿಸಿದ ಪ್ರಶ್ನೆಗೆ ಸಭೆಯಲ್ಲಿದ್ದ ಭೀಷ್ಮದ್ರೋಣಾದಿಗಳಿಂದಲೂ ಉತ್ತರ ಬರಲಿಲ್ಲ. ನೀನು ಮೊದಲು ಸೋತದ್ದು ನಿನ್ನನ್ನೋ ನನ್ನನ್ನೋ ಎಂದು ಅವಳು ಕೇಳಿದಳು. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಒಡೆತನವೆಲ್ಲಿಯದು? ಈ ಪ್ರಶ್ನೆ ದ್ವಾಪರಯುಗಕ್ಕೆ ಮುಗಿಯಲಿಲ್ಲ. ಹೆಂಡತಿಯ ಮಾಂಗಲ್ಯವನ್ನು ಅಡವಿಟ್ಟವನಿಗೂ, ಮಗಳ ಮದುವೆಗೆಂದು ಕೂಡಿಟ್ಟ ಗಂಟನ್ನು ಬಿಚ್ಚಿದವನಿಗೂ, ತಂದೆಯ ಹೆಸರಿನ ಹೊಲವನ್ನು ಬರೆದುಕೊಟ್ಟವನಿಗೂ ಅದೇ ಪ್ರಶ್ನೆ ಕಾದಿದೆ.

ಅದೇ ಮಹಾಭಾರತದಲ್ಲಿ ನಳನ ಕಥೆಯೂ ಇದೆ. ಪುಷ್ಕರನೊಡನೆ ಆಡಿ ನಳನು ರಾಜ್ಯವನ್ನು ಸೋಲುತ್ತ ಹೋದನು. ಗಂಡನ ಬುದ್ಧಿಗೆ ಕಲಿ ಹಿಡಿದಿದೆಯೆಂದು ಕಂಡುಕೊಂಡ ದಮಯಂತಿಯು ಅಳುತ್ತ ಕುಳಿತುಕೊಳ್ಳಲಿಲ್ಲ. ಸಾರಥಿಯಾದ ವಾರ್ಷ್ಣೇಯನನ್ನು ಕರೆದು, ಇಬ್ಬರು ಮಕ್ಕಳನ್ನೂ ರಥದಲ್ಲಿ ಕೂಡಿಸಿ, ತನ್ನ ತವರಾದ ಕುಂಡಿನಪುರಕ್ಕೆ ಕಳುಹಿಸಿಬಿಟ್ಟಳು. ಏನು ಹೋದರೂ ಮಕ್ಕಳು ಆ ಮನೆಯ ಕೇಡಿಗೆ ಸಿಕ್ಕಬಾರದೆಂದು ಆಕೆ ಮಾಡಿದ ಕೆಲಸವಿದು. ಎಲ್ಲವನ್ನೂ ಸೋತ ಮೇಲೆ ಪುಷ್ಕರನು, ಇನ್ನು ದಮಯಂತಿಯೊಬ್ಬಳು ಉಳಿದಿದ್ದಾಳೆ, ಅವಳನ್ನು ಒಡ್ಡು ಎಂದಾಗ ನಳನ ಎದೆ ಬಿರಿಯಿತು. ಒಡ್ಡಲಿಲ್ಲ. ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟನು. ಧರ್ಮಜನಿಗೆ ಸಾಧ್ಯವಾಗದ್ದು ನಳನಿಗೆ ಸಾಧ್ಯವಾಯಿತು. ತಾಯಂದಿರೇ, ದಮಯಂತಿಯ ಬುದ್ಧಿಯನ್ನು ನೀವು ಕಲಿಯಬೇಕು. ಮನೆಯಲ್ಲಿ ಬೀಜದ ಕಾಳು, ಮಕ್ಕಳ ಓದಿನ ಹಣ, ಮುಪ್ಪಿನವರ ಔಷಧದ ಹಣ ಯಾರ ಕೈಗೂ ಸುಲಭವಾಗಿ ಸಿಗದಂತೆ ಇರಬೇಕು. ಯಜಮಾನನಿಗೆ ಇದು ಅವಮಾನವಲ್ಲ, ಅವನಿಗೇ ರಕ್ಷೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಮಗನು ಪಟ್ಟಣದಲ್ಲಿ ಓದುತ್ತಿದ್ದವನು. ಕಾಲೇಜಿಗೆಂದು ಕಳುಹಿಸಿದ ಹಣವನ್ನು ಮೊಬೈಲಿನ ಇಸ್ಪೀಟಿನಾಟಕ್ಕೆ ಹಾಕಿದ್ದನು. "ಮೊದಲನೇ ಸಲ ಗೆದ್ದಿದ್ನಂತ್ರಿ ಅಪ್ಪಾವ್ರ, ಅವಾ ಗೆದ್ದದ್ದೇ ಕೆಟ್ಟಾತ್ರಿ" ಎಂದು ಆಕೆ ಕಣ್ಣೊರೆಸಿಕೊಂಡಳು. ಸೋತದ್ದನ್ನು ತರಲು ಸಾಲ, ಆ ಸಾಲ ತೀರಿಸಲು ಇನ್ನೊಂದು ಸಾಲ. ಕೊನೆಗೆ ಮನೆಯ ಜೋಡೆತ್ತುಗಳನ್ನು ಮಾರಿದರು. ನಾವು ಆ ಹುಡುಗನನ್ನು, "ಯಾಕಪ್ಪಾ, ಜೂಜಾಡಬಾರದಂತ ಗೊತ್ತಿರಲಿಲ್ಲೇನು?" ಎಂದು ಕೇಳಿದೆವು. ಅವನು ತಲೆಯೆತ್ತಿ, "ಜೂಜಂತ ಅನಿಸಿರಲಿಲ್ರಿ ಅಪ್ಪಾವ್ರ, ಇನ್ವೆಸ್ಟ್‌ಮೆಂಟ್ ಅಂತ ತಿಳಕೊಂಡಿದ್ದೆ" ಎಂದನು. ಅವನು ಸುಳ್ಳು ಹೇಳಲಿಲ್ಲ, ಹಾಗೆಯೇ ನಂಬಿದ್ದನು. ಒಡ್ಡುವುದಕ್ಕೆ ಹೂಡುವುದರ ಹೆಸರಿಟ್ಟುಕೊಂಡದ್ದೇ ಅವನನ್ನು ಕೆಡಿಸಿತು. ಈಗ ಅವರ ಮನೆಯಲ್ಲಿ ನೊಗವು ಗೋಡೆಗೆ ಒರಗಿದೆ, ಹೂಡಲು ಎತ್ತಿಲ್ಲ. ಹುಡುಗನು ದುಡಿದು ಸಾಲ ತೀರಿಸುತ್ತಿದ್ದಾನೆ. ಅವನಿಗೆ ಶಿವನು ಬಲ ಕೊಡಲಿ. ಅಂಥ ಮನೆ ಅದೊಂದೇ ಅಲ್ಲ, ಆದುದರಿಂದ ಈ ಮಾತನ್ನು ಎತ್ತಿದೆವು.

ಸರಕಾರವೂ ಸುಮ್ಮನೆ ಕುಳಿತಿಲ್ಲ. ಅನುಮತಿಯಿಲ್ಲದೆ ಜನರಿಂದ ಠೇವಣಿ ಎತ್ತುವುದನ್ನು ನಿಷೇಧಿಸುವ ಕಾನೂನು 2019ರಲ್ಲಿ ಬಂದಿತು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ 1 ಲಕ್ಷ ರೂಪಾಯಿಯವರೆಗೆ ಇದ್ದ ವಿಮೆಯ ರಕ್ಷಣೆಯನ್ನು 2020ರಲ್ಲಿ 5 ಲಕ್ಷಕ್ಕೆ ಏರಿಸಿದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್ ತಿಂಗಳಿನಲ್ಲಿ ಅಂಗೀಕರಿಸಿತು. ಇವು ಬೇಲಿಗಳು. ಬೇಲಿ ಬೇಕು. ಆದರೆ ಎತ್ತಿಗೆ ಮೇವಿನ ಆಸೆಯಿದ್ದರೆ ಅದು ಬೇಲಿಯಲ್ಲಿ ಸಂದು ಹುಡುಕುತ್ತದೆ. ಒಂದು ಆಟ ಮುಚ್ಚಿದರೆ ಇನ್ನೊಂದು ಹೆಸರಿನಲ್ಲಿ ಮತ್ತೊಂದು ತೆರೆಯುತ್ತದೆ. ಹೆಸರು ಬದಲಾದರೂ ಕೆಲಸವನ್ನು ಗುರುತು ಹಿಡಿಯುವ ವಿವೇಕ ನಮ್ಮಲ್ಲಿಯೇ ಇರಬೇಕು.

ಈಗ ನಿಮ್ಮಲ್ಲಿ ಯಾರಾದರೂ ಒಂದು ಆಕ್ಷೇಪವನ್ನು ಎತ್ತಬಹುದು. "ಬುದ್ಧಿಯವರೇ, ಒಕ್ಕಲುತನವೂ ಜೂಜೇ ಅಲ್ಲವೇ? ಮಳೆ ನಮ್ಮ ಕೈಯಲ್ಲಿದೆಯೇ? ಪೇಟೆಯ ಧಾರಣೆ ನಮ್ಮ ಕೈಯಲ್ಲಿದೆಯೇ?" ಎನ್ನಬಹುದು. ಇದು ಬರಿಯ ಕುತರ್ಕವಲ್ಲ, ನೊಂದವರ ಮಾತು. ಮುಂಗಾರಿ ಹೋಗಿ, ಹಿಂಗಾರಿಯೂ ಹೋದ ವರ್ಷಗಳನ್ನು ಈ ಸೀಮೆಯವರು ಕಂಡಿದ್ದಾರೆ. ಹೂಡುವುದರಲ್ಲಿಯೂ ಅಪಾಯವಿಲ್ಲದಿಲ್ಲ. ಅಪಾಯವಿಲ್ಲದ ಕೆಲಸ ಲೋಕದಲ್ಲಿ ಯಾವುದೂ ಇಲ್ಲ.

ಆದರೂ ಭೇದವಿದೆ. ಬೆಳೆ ಹೋದ ವರ್ಷವೂ ಹರಗಿದ ಹೊಲ ಹರಗಿದ ಹೊಲವೇ. ಕಸ ಕಿತ್ತ ನೆಲ, ಹಾಕಿದ ಗೊಬ್ಬರ, ಮುಂದಿನ ಮಳೆಗೆ ಕಾದಿರುತ್ತವೆ. ಸೋತ ಪಣದಲ್ಲಿ ಮುಂದಿನ ಬಾರಿಗೆ ಉಳಿಯುವುದು ಹಟವೊಂದೇ. ಇನ್ನೊಂದು ಮಾತು. ಹಳೆಯ ಒಕ್ಕಲಿಗನು ಎಲ್ಲವನ್ನೂ ಒಂದೇ ಬೆಳೆಯ ಮೇಲೆ ಇಡುತ್ತಿರಲಿಲ್ಲ. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಿದ್ದನು. ಒಂದು ಕೈಬಿಟ್ಟರೆ ಇನ್ನೊಂದು ಕೈ ಹಿಡಿಯಲಿ ಎಂಬ ವಿವೇಕವದು. ಬೀಜದ ಕಾಳನ್ನು ಹಸಿವಾದರೂ ತಿನ್ನುತ್ತಿರಲಿಲ್ಲ. ಬಿತ್ತಿದ ಮೇಲೆ ದಿನವೂ ಹೊಲಕ್ಕೆ ಹೋಗಿ ಎಡೆ ಹೊಡೆದು, ಕಸ ತೆಗೆದು, ಹಕ್ಕಿ ಕಾಯುತ್ತಿದ್ದನು. ಮಳೆಯೊಂದು ಅವನ ಕೈಯಲ್ಲಿರಲಿಲ್ಲ, ಉಳಿದುದೆಲ್ಲ ಇತ್ತು. ಜೂಜುಗಾರನ ಕೈಯಲ್ಲಿ ದಾಳವನ್ನು ಬಿಟ್ಟು ಮತ್ತೇನಿದೆ?

ಒಂದೇ ಕೆಲಸವು ಹೂಡುವುದಾಗಿ ಪ್ರಾರಂಭವಾಗಿ ಒಡ್ಡುವುದಾಗಿ ಕೊನೆಗೊಳ್ಳುವುದೂ ಉಂಟು. ಕೊಳವೆಬಾವಿಯನ್ನೇ ನೋಡಿರಿ. ತಿಳಿದವರನ್ನು ಕೇಳಿ, ಕೈಯಲ್ಲಿದ್ದ ಹಣದಲ್ಲಿ ಮೊದಲನೆಯ ಬಾವಿ ಕೊರೆಸಿದವನು ಹೂಡಿದನು. ನೀರು ಬರಲಿಲ್ಲ. ಎರಡನೆಯದು, ಮೂರನೆಯದು, ಬಡ್ಡಿಯ ಸಾಲದಲ್ಲಿ ನಾಲ್ಕನೆಯದು. ಪಕ್ಕದ ಹೊಲದವನಿಗೆ ಬಂದಿದೆ, ನನಗೇಕೆ ಬಾರದು ಎಂದು ಐದನೆಯದನ್ನು ಕೊರೆಸುವಾಗ ಅವನು ಒಕ್ಕಲಿಗನಾಗಿ ಉಳಿದಿಲ್ಲ. ನೆಲವೇ ಅವನಿಗೆ ದಾಳವಾಗಿದೆ. ಹೊಲ ಅದೇ, ಮನುಷ್ಯ ಅವನೇ, ಕ್ರಿಯಾಪದ ಬದಲಾಗಿದೆ. ಎಲ್ಲಿ ಬದಲಾಯಿತು? ಕಳೆದದ್ದನ್ನು ತರಬೇಕೆಂಬ ಹಟವು ಬೆಳೆಯಬೇಕೆಂಬ ಆಸೆಯ ಜಾಗದಲ್ಲಿ ಬಂದು ಕುಳಿತಾಗ ಬದಲಾಯಿತು. ಈ ಗಡಿಯನ್ನು ಹೊರಗಿನವರು ಹೇಳಲಾರರು, ತನ್ನೊಳಗೆ ತಾನೇ ಕಾಣಬೇಕು.

ಹಾಗಾದರೆ ಒಡ್ಡುವುದೆಲ್ಲವೂ ಪಾಪವೇ? ಅಲ್ಲ. ನಮ್ಮ ಹೊಲಗಳಲ್ಲಿ ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ದಿಂಡು ಹಾಕುತ್ತೇವಲ್ಲ, ಅದರ ಹೆಸರೇ ಒಡ್ಡು. ಮಳೆಯ ನೀರು ನುಗ್ಗಿ ಬಂದಾಗ ಅದು ತನ್ನ ಎದೆಯನ್ನು ಕೊಟ್ಟು ನಿಲ್ಲುತ್ತದೆ. ತಾನು ಕೊರೆದುಹೋದರೂ ಹೊಲದ ಮಣ್ಣನ್ನು ಉಳಿಸುತ್ತದೆ. ಇದೂ ಒಡ್ಡುವುದೇ, ಜೂಜುಗಾರನು ಮಾಡುವುದೂ ಒಡ್ಡುವುದೇ. ಜೂಜುಗಾರನು ತನಗಾಗಿ ಮನೆಯವರನ್ನು ಒಡ್ಡುತ್ತಾನೆ. ಹೊಲದ ಒಡ್ಡು ಇತರರಿಗಾಗಿ ತನ್ನನ್ನು ಒಡ್ಡುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಮಾಡಿದ್ದೂ ಇದನ್ನೇ ಎಂದು ಶರಣಚರಿತ್ರೆಗಳು ಹೇಳುತ್ತವೆ. ಕುಲದ ಗೋಡೆಯನ್ನು ದಾಟಿ ಮಕ್ಕಳ ಮದುವೆ ಮಾಡಿ, ಅದರ ಫಲವನ್ನು ತಮ್ಮ ಪ್ರಾಣದಿಂದ ತೆತ್ತರು. ಅವರು ಒಡ್ಡಿದ್ದು ತಮ್ಮ ತಲೆಯನ್ನು, ಅದಕ್ಕೆ ಪ್ರತಿಯಾಗಿ ಅವರಿಗೆ ಬರಬೇಕಾಗಿದ್ದ ಲಾಭ ಯಾವುದೂ ಇರಲಿಲ್ಲ.

ಹೂಡುವುದನ್ನೂ ಒಬ್ಬನೇ ಮಾಡಬೇಕೆಂದಿಲ್ಲ. ಒಂದೇ ಎತ್ತಿರುವವರು ಮುಯ್ಯಾಳಾಗಿ ಕೂಡಿ ನೇಗಿಲು ಹೂಡುವುದನ್ನು ನೀವು ಕಂಡಿದ್ದೀರಿ. ಸಹಕಾರದ ತತ್ತ್ವವೂ ಅದೇ. ನಮ್ಮ ದೇಶದಲ್ಲಿ ಸಹಕಾರದ ಕಾನೂನು ಬಂದದ್ದು 1904ರಲ್ಲಿ. ಮರುವರ್ಷ, 1905ರಲ್ಲಿಯೇ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ಸಿಕ್ಕಿದ ರೈತನನ್ನು ಬಿಡಿಸುವುದು ಅಂಥ ಸಂಘಗಳ ಗುರಿ. ಅಲ್ಲಿ ಹಣ ಹಾಕಿದವನಿಗೆ ಅದು ಯಾವ ಹೊಲದಲ್ಲಿ ಉಳುತ್ತಿದೆಯೆಂದು ಕಣ್ಣಿಗೆ ಕಾಣುತ್ತಿತ್ತು. ಸಾಲ ಪಡೆದವನು ಯಾರ ಮಗನೆಂದು ಗೊತ್ತಿತ್ತು. ಕಣ್ಣಿಗೆ ಕಾಣುವಷ್ಟು ದೂರ ಹೂಡಿದ ಹಣ ಸಾಮಾನ್ಯವಾಗಿ ದಾರಿ ತಪ್ಪುವುದಿಲ್ಲ.

ಇನ್ನು ಮುಡಿಪಿನ ಮಾತು. ಮುಡಿಪೆಂದರೆ ದೇವರಿಗೆ ಹರಸಿಕೊಂಡು ಬಟ್ಟೆಯಲ್ಲಿ ಕಟ್ಟಿಟ್ಟ ಕಾಣಿಕೆ. ಒಮ್ಮೆ ಕಟ್ಟಿದ ಮೇಲೆ ಅದು ಮನೆಯಲ್ಲಿದ್ದರೂ ಮನೆಯವರದಲ್ಲ. ಹೂಡುವವನಿಗೆ ಫಲದ ನಿರೀಕ್ಷೆಯಿದೆ, ಒಡ್ಡುವವನಿಗೆ ಗೆಲುವಿನ ಆಸೆಯಿದೆ, ಮುಡಿಪಿಡುವವನಿಗೆ ಎರಡೂ ಇಲ್ಲ. ಬೆಳಗಾವಿ ಜಿಲ್ಲೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಲಿ ಎಂದು ಅವರು ಮೃತ್ಯುಪತ್ರ ಬರೆದಿಟ್ಟಿದ್ದರು. ಆ ನಿಧಿಯಿಂದ ಓದಿ ದೊಡ್ಡವರಾದ ಮಕ್ಕಳ ಮುಖವನ್ನು ಅವರು ನೋಡಲಿಲ್ಲ. ಜನರು ಅವರನ್ನು ತ್ಯಾಗವೀರರೆಂದು ಕರೆದರು. ಅದಾದ ಹತ್ತು ವರ್ಷಕ್ಕೆ, 1916ರಲ್ಲಿ, ಜನರು ಸಪ್ತರ್ಷಿಗಳೆಂದು ಗೌರವಿಸುವ ಏಳು ಮಂದಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಒಂದು ಶಾಲೆಯಿಂದ ಪ್ರಾರಂಭಿಸಿದರು. ಅವರು ಮುಡಿಪಿಟ್ಟದ್ದು ತಮ್ಮ ಆಯುಷ್ಯವನ್ನು. ಶರಣರು ದಾಸೋಹವೆಂದದ್ದು ಇದನ್ನೇ. ಕಾಯಕದಿಂದ ಬಂದುದು ನನ್ನದೆಂಬ ಹಿಡಿತವನ್ನು ಸಡಿಲಿಸಿ ಸಮಾಜಕ್ಕೆ ಸಲ್ಲಿಸುವುದು ಅದರ ತಿರುಳು.

ಶರಣ ಬಂಧುಗಳೇ, ಇಷ್ಟನ್ನೂ ಕೇಳಿದ ಮೇಲೆ ನೀವು ಮನೆಗೆ ಒಯ್ಯಬೇಕಾದುದು ದೊಡ್ಡದೇನಲ್ಲ. ಹಣವು ಕೈಬಿಡುವ ಮುನ್ನ ಒಂದು ಗಳಿಗೆ ನಿಲ್ಲಿರಿ. ಇದು ನಿಜವಾಗಿ ನನ್ನದೇ, ಇದರಲ್ಲಿ ಹೆಂಡತಿ ಮಕ್ಕಳ ಅನ್ನ ಸೇರಿಲ್ಲವೇ ಎಂದು ಕೇಳಿಕೊಳ್ಳಿರಿ. ಇದು ಹೋಗುವ ದಾರಿ ನನಗೆ ತಿಳಿದಿದೆಯೇ, ಇದರ ಹಿಂದೆ ನಾನು ನಡೆಯಬಲ್ಲೆನೇ ಎಂದು ಕೇಳಿಕೊಳ್ಳಿರಿ. ಇದು ಮರಳಿ ಬಾರದಿದ್ದರೆ ನಾಳೆ ಯಾರ ತಾಟು ಬರಿದಾಗುತ್ತದೆ ಎಂದು ಕೇಳಿಕೊಳ್ಳಿರಿ. ಉತ್ತರ ತೃಪ್ತಿಯಾಗಿ ಬಂದರೆ ಧೈರ್ಯದಿಂದ ಹೂಡಿರಿ. ಹೆದರಿಕೊಂಡು ಹಣವನ್ನು ನೆಲದಲ್ಲಿ ಹೂಳಿಡಬೇಕೆಂದು ನಾವು ಹೇಳುವುದಿಲ್ಲ. ಹೂಡದ ನೆಲ ಬೀಳು ಬೀಳುತ್ತದೆ. ಅಂಗಡಿಯನ್ನು ತೆರೆಯಿರಿ, ಗಿರಣಿಯನ್ನು ಹಾಕಿರಿ, ಮಕ್ಕಳನ್ನು ಓದಿಸಿರಿ, ನಾಲ್ಕು ಜನಕ್ಕೆ ಕೆಲಸ ಕೊಡಿರಿ. ಹೂಡಿದ ಮೇಲೆ ಎತ್ತಿನ ಹಿಂದೆ ನಡೆಯಿರಿ. ಉತ್ತರ ಬಾರದಿದ್ದರೆ ಆ ಹಣವನ್ನು ಮಡಿಚಿ ಒಳಗಿಡಿರಿ, ಎಷ್ಟೇ ಸಿಹಿಯಾದ ಹೆಸರನ್ನು ಯಾರು ಹೇಳಿದರೂ ಕೇಳಬೇಡಿರಿ.

ಈಗಾಗಲೇ ಸೋತವರು ಯಾರಾದರೂ ಈ ಸಭೆಯಲ್ಲಿ ಕುಳಿತಿದ್ದರೆ, ಅವರಿಗೂ ಒಂದು ಮಾತು. ನಳನಿಗೆ ರಾಜ್ಯ ಹೋಯಿತು, ಆದರೆ ತಾನು ಹೋಗಲಿಲ್ಲ, ಆದುದರಿಂದ ಒಂದು ದಿನ ಎಲ್ಲವೂ ತಿರುಗಿ ಬಂದಿತು. ಸೋತ ಸಂಗತಿಯನ್ನು ಮನೆಯವರಿಂದ ಮುಚ್ಚಿಡಬೇಡಿರಿ. ಹೇಳಿಬಿಡಿರಿ. ಮನೆಯವರೂ ಬೈದು ಬಾಗಿಲು ಮುಚ್ಚಬೇಡಿರಿ. ಮನೆಯಲ್ಲಿ ಹೇಳಲು ನಾಚಿಕೆಯಾದರೆ ಮಠದ ಬಾಗಿಲು ತೆರೆದಿದೆ. ಹಣ ಹೋದವನು ಮತ್ತೆ ಒಂದು ಎತ್ತನ್ನು ಕಟ್ಟಿಯಾನು, ಪ್ರಾಣವನ್ನು ಪಣಕ್ಕಿಟ್ಟವನಿಗೆ ಮುಂದಿನ ಮಳೆಯಿಲ್ಲ.

ನಿಮ್ಮ ನೇಗಿಲುಗಳು ನೆಟ್ಟಗೆ ಸಾಗಲಿ, ಕೈಯಿಂದ ಹೊರಟ ಹಣ ಅನ್ನವಾಗಿ ಮನೆಗೆ ಬರಲಿ, ಅದರಲ್ಲೊಂದು ಪಾಲು ದಾಸೋಹಕ್ಕೆ ಸಲ್ಲಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರ್ವರಿಗೂ ಶುಭವಾಗಲಿ.